ನಾಳದ ಗೋಡೆ ದಾಟುವ ಹೊತ್ತು

ಅತ್ತಿವೇರಿ ಎಂದರೆ ಹೊರಗಿನವರಿಗೆ ಹಕ್ಕಿಗಳ ನೆನಪು. ಮುಂಡಗೋಡ ತಾಲ್ಲೂಕಿನ ಈ ಜಲಾಶಯದ ಸುತ್ತ 2.23 ಚದರ ಕಿಲೋಮೀಟರಿನ ಪಕ್ಷಿಧಾಮವಿದೆ. ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕು ನೋಡಲು ಹುಬ್ಬಳ್ಳಿಯಿಂದ ಜನ ಬರುತ್ತಾರೆ. ಇಲ್ಲಿಯವರು ಹುಬ್ಬಳ್ಳಿಗೆ ಹೋಗುವುದು ಬಹುಮಟ್ಟಿಗೆ ಆಸ್ಪತ್ರೆಗೆ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ ನೂರು ಕಿಲೋಮೀಟರಿಗೂ ದೂರ. ಹುಬ್ಬಳ್ಳಿ ಸುಮಾರು 40 ಕಿಲೋಮೀಟರು. ಸೀಮೆ ಉತ್ತರ ಕನ್ನಡದ್ದು, ಆಸ್ಪತ್ರೆ ಧಾರವಾಡ ಜಿಲ್ಲೆಯದು. ಕ್ಯಾನ್ಸರ್ ಎಂಬ ಅನುಮಾನ ಬಂದರಂತೂ ಎಲ್ಲರ ಬಾಯಲ್ಲೂ ಬರುವುದು ಒಂದೇ ಹೆಸರು: ನವನಗರದ ಕ್ಯಾನ್ಸರ್ ಆಸ್ಪತ್ರೆ.

ಈ ಸೀಮೆಯ ಹೆಂಗಸು ಎದೆಯಲ್ಲಿ ಗಂಟಿದೆ ಎಂದು ಬಸ್ಸು ಹತ್ತುವ ಹೊತ್ತಿಗೆ ಆ ಕಾಯಿಲೆ ಒಳಗೆ ಎಷ್ಟು ದೂರ ನಡೆದಿರುತ್ತದೆ? ಸ್ತನ ಕ್ಯಾನ್ಸರಿನ ಬಗ್ಗೆ ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಕೇಳುತ್ತಿರುವ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಅವರು ಅದನ್ನು ಕೇಳುವುದು ನಡಿಗೆಯ ಮೊದಲ ಹೆಜ್ಜೆಯಲ್ಲಿ. ನಮ್ಮಲ್ಲಿ ಅದನ್ನು ಕೇಳುವ ಹೊತ್ತಿಗೆ ಕಾಯಿಲೆ ಬಹುಪಾಲು ದಾರಿ ಸವೆಸಿರುತ್ತದೆ. ಅದಕ್ಕೇ ಆ ಮೊದಲ ಹೆಜ್ಜೆಯ ವಿಜ್ಞಾನ ನಮಗೂ ಗೊತ್ತಿರಬೇಕು ಎಂದು ನಾನು ನಂಬಿದ್ದೇನೆ. ದಾರಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ತಿಳಿದರೆ ಎಲ್ಲಿ ಅಡ್ಡಗಟ್ಟಬಹುದು ಎಂಬುದೂ ತಿಳಿಯುತ್ತದೆ.

ಮೊದಲು ಅಂಗದ ರಚನೆ ನೋಡೋಣ. ಸ್ತನದೊಳಗೆ ಹಾಲು ತಯಾರಾಗುವ ಪುಟ್ಟ ಪುಟ್ಟ ಗೊಂಚಲುಗಳಿವೆ. ಅಲ್ಲಿಂದ ಹೊರಟ ಸಣ್ಣ ನಾಳಗಳು ಒಂದಕ್ಕೊಂದು ಕೂಡುತ್ತ ತೊಟ್ಟಿನವರೆಗೆ ಬರುತ್ತವೆ. ನಾಳದ ಗೋಡೆಯಲ್ಲಿ ಎರಡು ಸಾಲು ಕೋಶಗಳು. ಒಳಸಾಲು ಹಾಲಿಗೆ ತಾಗುವಂಥದ್ದು. ಹೊರಸಾಲಿನ ಕೋಶಗಳಿಗೆ ಸ್ನಾಯುವಿನಂತೆ ಹಿಂಡುವ ಶಕ್ತಿಯಿದೆ. ವೈದ್ಯರು ಅವನ್ನು ಮಯೋಎಪಿಥೀಲಿಯಲ್ ಕೋಶ ಎನ್ನುತ್ತಾರೆ. ಮಗು ಬಾಯಿ ಹಾಕಿದೊಡನೆ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕಿಳಿಯುತ್ತದೆ, ಈ ಹೊರಸಾಲು ಬಿಗಿಯುತ್ತದೆ, ಹಾಲು ಇಳಿಯುತ್ತದೆ. ಎರಡೂ ಸಾಲುಗಳ ಹೊರಗೆ ಪ್ರೋಟೀನಿನ ಎಳೆಗಳಿಂದ ನೇಯ್ದ ಒಂದು ತೆಳು ಪೊರೆ ನಾಳವನ್ನು ಸುತ್ತುಗಟ್ಟಿದೆ. ಇದು ತಳಪೊರೆ. ರಕ್ತನಾಳಗಳು, ದುಗ್ಧನಾಳಗಳು, ಕೊಬ್ಬು, ನಾರು, ಕಾವಲಿನ ಬಿಳಿ ರಕ್ತಕಣಗಳು ಎಲ್ಲವೂ ಈ ಪೊರೆಯ ಆಚೆ.

ಸ್ತನ ಕ್ಯಾನ್ಸರ್ ಬಹುಮಟ್ಟಿಗೆ ಶುರುವಾಗುವುದು ಒಳಸಾಲಿನ ಕೋಶದಲ್ಲಿ. ಕೋಶದ ಜೀನುಗಳಲ್ಲಿ ತಪ್ಪುಗಳು ಕೂಡುತ್ತ ಬಂದು, ಅದು ಲಂಗುಲಗಾಮಿಲ್ಲದೆ ಒಡೆದು ಬೆಳೆಯತೊಡಗಿ, ನಾಳದೊಳಗೇ ತುಂಬಿಕೊಳ್ಳುತ್ತದೆ. ಆದರೂ ತಳಪೊರೆ ಹರಿಯದಿರುವಷ್ಟು ಕಾಲ ಅದು ನಾಳದಲ್ಲೇ ಸೆರೆ. ಒಳಗೆ ರಕ್ತನಾಳವೇ ಇಲ್ಲದಿರುವುದರಿಂದ ಯಕೃತ್ತಿಗೋ ಮೂಳೆಗೋ ಶ್ವಾಸಕೋಶಕ್ಕೋ ಹೋಗಲು ಅದಕ್ಕೆ ದಾರಿಯಿಲ್ಲ. ನೋಡಲು ಕ್ಯಾನ್ಸರಿನ ಕೋಶ, ನಡವಳಿಕೆಯಲ್ಲಿ ಇನ್ನೂ ಹೊರಬಿದ್ದಿಲ್ಲ. ಈ ಸ್ಥಿತಿಯನ್ನು 1932ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರೋಗಶಾಸ್ತ್ರಜ್ಞ ಆಲ್ಬರ್ಟ್ ಬ್ರೋಡರ್ಸ್ 'ಕಾರ್ಸಿನೋಮಾ ಇನ್ ಸೈಟು' ಎಂದು ಕರೆದರು. ಹುಟ್ಟಿದ ಜಾಗದಲ್ಲೇ ಉಳಿದ ಕ್ಯಾನ್ಸರ್ ಎಂದು ಅರ್ಥ. ಹಾಲಿನ ನಾಳದಲ್ಲಿ ಹೀಗಾದಾಗ ವರದಿಯಲ್ಲಿ ಡಿಸಿಐಎಸ್ ಎಂದು ಬರೆಯುತ್ತಾರೆ, ಹಂತ ಸೊನ್ನೆ ಎಂದು ಎಣಿಸುತ್ತಾರೆ.

ರಕ್ತನಾಳ ಇಲ್ಲದಿರುವುದೇ ಈ ಹಂತದ ಗುಟ್ಟನ್ನು ಹೊರಗೆಡಹುತ್ತದೆ. ನಾಳದ ಹೊರಗಿನ ರಕ್ತದಿಂದ ಪ್ರಾಣವಾಯು ಒಳಕ್ಕೆ ಸೋಸಿ ಬರಬೇಕು. ಅದು ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿಗಿಂತ ಮುಂದೆ ತಲುಪದು. ಕೋಶಗಳು ಒತ್ತೊತ್ತಾಗಿ ತುಂಬಿದಾಗ ನಡುವಿನವು ಉಸಿರುಗಟ್ಟಿ ಸಾಯುತ್ತವೆ. ಸತ್ತ ಕೋಶಗಳ ರಾಶಿಯಲ್ಲಿ ಸುಣ್ಣದಂಶ ಕೂಡುತ್ತದೆ. ಮ್ಯಾಮೊಗ್ರಾಮ್ ಎಂಬ ಎಕ್ಸ್-ರೇಯಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವುದು ಆ ಸುಣ್ಣ. ಬೆರಳಿಗೆ ಏನೂ ಸಿಗದ, ನೋವೂ ಇಲ್ಲದ ಹೆಂಗಸಿನಲ್ಲಿ ಡಿಸಿಐಎಸ್ ಪತ್ತೆಯಾಗುವುದು ಹೆಚ್ಚಾಗಿ ಹೀಗೆ. ಮ್ಯಾಮೊಗ್ರಾಮ್ ಬರುವ ಮುಂಚೆ ಅಮೆರಿಕದಲ್ಲೂ ಇದು ಅಪರೂಪದ ರೋಗನಿರ್ಣಯವಾಗಿತ್ತು. ಈಗ ಅಲ್ಲಿ ತಪಾಸಣೆಯಲ್ಲಿ ಸಿಗುವ ಸ್ತನ ಕ್ಯಾನ್ಸರುಗಳಲ್ಲಿ ಐದರಲ್ಲೊಂದಕ್ಕೂ ಮೇಲ್ಪಟ್ಟು ಡಿಸಿಐಎಸ್.

ಉಸಿರುಗಟ್ಟಿದ ಆ ಜಾಗದಲ್ಲಿ ಎಲ್ಲ ಕೋಶಗಳೂ ಸಾಯುವುದಿಲ್ಲ. ಕಡಿಮೆ ಪ್ರಾಣವಾಯುವಿನಲ್ಲಿ, ಹುಳಿಯೇರಿದ ವಾತಾವರಣದಲ್ಲಿ ಬದುಕಲು ಕಲಿತವು ಉಳಿಯುತ್ತವೆ. ಮುಂದೆ ಗೋಡೆಯಾಚೆ ದಕ್ಕಿಸಿಕೊಳ್ಳಬಲ್ಲವು ಬಹುಶಃ ಇಂಥವೇ. ನಾಳದೊಳಗಿನ ಇಕ್ಕಟ್ಟು ಅವಕ್ಕೆ ಸೆರೆಮನೆಯೂ ಹೌದು, ತಾಲೀಮಿನ ಕಣವೂ ಹೌದು.

ಇನ್ನು ದಾಟುವ ಮಾತು. ಮುಂಡಗೋಡ ಕಡೆಯವರಿಗೆ ಕೆರೆಯ ಏರಿ ಒಡೆಯುವುದೆಂದರೇನು ಎಂದು ಹೇಳಿಕೊಡಬೇಕಿಲ್ಲ. ನೀರಿನ ಒತ್ತಡ ಹೆಚ್ಚಿ ಒಡೆಯಬಹುದು. ಒತ್ತಡ ಅಷ್ಟೇ ಇದ್ದು, ಏಡಿ ಕೊರೆದ ಬಿಲದಿಂದ, ಒಣಗಿದ ಮರದ ಬೇರಿನ ಜಾಡಿನಿಂದ ಏರಿಯೇ ಜಾಳಾಗಿಯೂ ಒಡೆಯಬಹುದು. ನಾಳದ ವಿಷಯದಲ್ಲೂ ವಿಜ್ಞಾನಿಗಳ ಜಗಳ ದಶಕಗಳಿಂದ ಇದೇ: ತಪ್ಪು ಒಳಗಿನ ಕೋಶದ್ದೋ, ಗೋಡೆಯದ್ದೋ? ಈ ಹೋಲಿಕೆ ಒಂದು ಕಡೆ ಸೋಲುತ್ತದೆ ಎಂಬುದನ್ನೂ ಈಗಲೇ ಹೇಳಿಬಿಡಬೇಕು. ಏರಿಯ ಮಣ್ಣಿಗೆ ಜೀವವಿಲ್ಲ. ನಾಳದ ಗೋಡೆಗೆ ಜೀವವಿದೆ. ಅದರಾಚೆಯ ಅಂಗಾಂಶಕ್ಕೂ ಇದೆ. ಅವು ಕ್ಯಾನ್ಸರನ್ನು ತಡೆಯಲೂಬಲ್ಲವು, ಅದಕ್ಕೆ ಕೈಜೋಡಿಸಲೂಬಲ್ಲವು.

ಒಳಗಿನ ಕೋಶಕ್ಕೆ ಹೊಸದೊಂದು ದುಷ್ಟ ಜೀನು ಬದಲಾವಣೆ ಬಂದು, ಆ ಒಂದು ಕೋಶ ಗೋಡೆ ಸೀಳಿ ಹೊರಬರುತ್ತದೆ, ಅದರ ಸಂತಾನವೇ ಮುಂದಿನ ಗೆಡ್ಡೆ ಎಂದು ಬಹುಕಾಲ ನಂಬಿದ್ದರು. 2018ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ನಿಕೊಲಸ್ ನೇವಿನ್ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. ನಾಳದೊಳಗಿನ ಕ್ಯಾನ್ಸರೂ ಹೊರಬಿದ್ದ ಕ್ಯಾನ್ಸರೂ ಅಕ್ಕಪಕ್ಕ ಇದ್ದ ಹತ್ತು ಹೆಂಗಸರ ಗೆಡ್ಡೆಗಳಿಂದ, ಪ್ರತಿ ಕೋಶ ಎಲ್ಲಿತ್ತು ಎಂದು ಗುರುತಿಟ್ಟುಕೊಂಡು, ಒಂದೊಂದೇ ಕೋಶವನ್ನು ಬಿಡಿಸಿ ಅದರ ಜೀನುಗಳನ್ನು ಓದಿದರು. ಒಳಗೂ ಹೊರಗೂ ಸಿಕ್ಕಿದ್ದು ಕೋಶಗಳ ಅವೇ ಮನೆತನಗಳು. ಬೇಕಾದ ಜೀನು ಬದಲಾವಣೆಗಳೆಲ್ಲ ನಾಳದೊಳಗಿದ್ದಾಗಲೇ ಆಗಿಹೋಗಿದ್ದವು. ಹೊರಬಂದದ್ದೂ ಒಂಟಿ ಕೋಶವಲ್ಲ, ಹಲವು ಮನೆತನಗಳು ಒಟ್ಟಿಗೆ ಗುಳೆ ಎದ್ದಿದ್ದವು. ಅಂದರೆ ಕ್ಯಾನ್ಸರು ಗೋಡೆ ದಾಟುವುದಕ್ಕೆ ಬಹಳ ಮುಂಚೆಯೇ ದಾಟಲು ಬೇಕಾದ ಸಾಮಗ್ರಿ ಕಟ್ಟಿಕೊಂಡು ಕೂತಿರಬಹುದು.

ಹರ್-ಟು ಎಂಬ ಪ್ರೋಟೀನಿನ ಒಗಟು ಇದಕ್ಕಿಂತ ಸೋಜಿಗದ್ದು. ಈ ಪ್ರೋಟೀನು ಅತಿಯಾಗಿರುವ ಗೆಡ್ಡೆಗಳು ಬೇಗ ಬೆಳೆಯುತ್ತವೆ. ಹಾಗಾದರೆ ಹೊರಬಿದ್ದ ಕ್ಯಾನ್ಸರಿನಲ್ಲೇ ಇದು ಹೆಚ್ಚಿರಬೇಕಲ್ಲ? ಲೆಕ್ಕ ತಿರುಗುಮುರುಗಾಗಿದೆ. ಹೊರಬಿದ್ದವುಗಳಲ್ಲಿ ಇದು ಸುಮಾರು ಐದರಲ್ಲೊಂದರಲ್ಲಿ ಕಂಡರೆ, ನಾಳದೊಳಗೇ ಇರುವ ಉಗ್ರ ದರ್ಜೆಯ ಡಿಸಿಐಎಸ್‌ಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಡೆ ಕಾಣುತ್ತದೆ. ಬೇಗ ಬೆಳೆಯುವುದು ಬೇರೆ, ಗೋಡೆ ದಾಟುವುದು ಬೇರೆ ಎಂದು ಇದರಿಂದ ತಿಳಿಯಬೇಕು.

ಹಾಗಾಗಿ ಎಲ್ಲರ ಕಣ್ಣು ಗೋಡೆಯ ಕಡೆ ತಿರುಗಿತು. ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ಕೊರ್ನೇಲಿಯಾ ಪೋಲ್ಯಾಕ್ ಮತ್ತು ಅವರ ಜೊತೆಗಾರರು ಹಾಲು ಹಿಂಡುವ ಆ ಹೊರಸಾಲಿನ ಕೋಶಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇಲಿಗಳಲ್ಲಿ ನಡೆದ ಅವರ ಪ್ರಯೋಗಗಳಲ್ಲಿ ಆರೋಗ್ಯವಂತ ಹೊರಸಾಲು ಇದ್ದಲ್ಲಿ ಕ್ಯಾನ್ಸರಿನ ಕೋಶಗಳು ತೆಪ್ಪಗಿದ್ದವು, ಅದು ಕೆಟ್ಟಲ್ಲಿ ಹೊರನುಗ್ಗಿದವು. ತಳಪೊರೆಯ ಎಳೆಗಳನ್ನು ನೇಯುವುದೂ ಇದೇ ಸಾಲು, ಪೊರೆ ಕತ್ತರಿಸುವ ಕಿಣ್ವಗಳಿಗೆ ತಡೆ ಒಡ್ಡುವುದೂ ಇದೇ ಸಾಲು. ಡಿಸಿಐಎಸ್ ಬೆಳೆದಂತೆಲ್ಲ ಈ ಸಾಲು ಹಿಗ್ಗಿ ತೆಳ್ಳಗಾಗುತ್ತದೆ, ನಡುನಡುವೆ ಕಿತ್ತುಹೋಗುತ್ತದೆ, ಉಳಿದ ಕೋಶಗಳೂ ತಮ್ಮ ಮೊದಲಿನ ಗುಣ ಕಳೆದುಕೊಳ್ಳುತ್ತವೆ.

ಹಾಗಾದರೆ ಗೋಡೆ ತೆಳ್ಳಗಾದವರಿಗೆ ಅಪಾಯ ಹೆಚ್ಚು, ಗಟ್ಟಿಯಾಗಿರುವವರಿಗೆ ಕಡಿಮೆ ಎಂದಾಯಿತಲ್ಲ? ಎಲ್ಲರೂ ಹಾಗೇ ಅಂದುಕೊಂಡಿದ್ದರು. 2022ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಡಿಸಿಐಎಸ್ ತುಣುಕುಗಳನ್ನು ತೆಗೆದು, ಆ ಹೆಂಗಸರಲ್ಲಿ ಯಾರಿಗೆ ಮುಂದೆ ಹೊರಬೀಳುವ ಕ್ಯಾನ್ಸರ್ ಬಂತು, ಯಾರಿಗೆ ಬರಲಿಲ್ಲ ಎಂದು ತಾಳೆ ನೋಡಿದರು. ಉತ್ತರ ಉಲ್ಟಾ ಬಂತು. ಹೊರಸಾಲು ಹೆಚ್ಚು ಹರಿದಿದ್ದದ್ದು ಮುಂದೆ ಕ್ಯಾನ್ಸರ್ ಬಾರದವರಲ್ಲಿ. ಗೋಡೆ ಅಲ್ಲಲ್ಲಿ ತೆರೆದುಕೊಂಡಾಗ ಹೊರಗಿನ ಕಾವಲಿನ ಕೋಶಗಳಿಗೆ ಒಳಗಿನದು ಕಣ್ಣಿಗೆ ಬಿದ್ದು, ಅವು ಎಚ್ಚೆತ್ತಿರಬಹುದು ಎಂಬುದು ಒಂದು ವಿವರಣೆ. ಈ ಫಲಿತಾಂಶ ನನ್ನನ್ನು ಬಹಳ ಕಾಡಿದೆ. ಗೋಡೆ ಇರುವುದೇ ಒಳಿತು, ಹರಿಯುವುದೇ ಕೇಡು ಎಂಬ ಸರಳ ಲೆಕ್ಕ ದೇಹದಲ್ಲಿ ನಡೆಯುವುದಿಲ್ಲ.

ಗೋಡೆಯಾಚೆ ಇರುವವರ ಪಾತ್ರವನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ನಾರು ಹೆಣೆಯುವ ಕೋಶಗಳಿವೆ. ಕ್ಯಾನ್ಸರಿನ ಸುದ್ದಿ ಮುಟ್ಟುತ್ತಿದ್ದಂತೆ ಇವುಗಳ ನಡತೆ ಬದಲಾಗುತ್ತದೆ. ಪೊರೆ ಕರಗಿಸುವ ಕಿಣ್ವಗಳನ್ನು ಸುರಿಸುತ್ತವೆ. ಅಡ್ಡಾದಿಡ್ಡಿ ಇದ್ದ ಕೊಲಾಜೆನ್ ಎಳೆಗಳನ್ನು ಬಿಗಿದು ನೇರ ಮಾಡುತ್ತವೆ. ಕ್ಯಾನ್ಸರಿನ ಕೋಶಗಳು ಆ ಎಳೆಗಳಗುಂಟ ನಡೆಯುತ್ತವೆ. ಬೇಲಿ ಕಾಯಬೇಕಾದ ಕೆಲವು ಬಿಳಿ ರಕ್ತಕಣಗಳೂ ಗಾಯ ಮಾಯಿಸುವ ಭ್ರಮೆಯಲ್ಲಿ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ.

ಡಿಸಿಐಎಸ್ ಎಲ್ಲವೂ ಗೋಡೆ ದಾಟುತ್ತದೆಯೇ? ಇಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ವರದಿಯಲ್ಲಿ ಕ್ಯಾನ್ಸರ್ ಎಂಬ ಅಕ್ಷರ ಕಂಡೊಡನೆ ಮನೆಯವರೆಲ್ಲ ಕುಸಿಯುತ್ತಾರೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ನೂರರಲ್ಲಿ 20ರಿಂದ 50 ದಾಟಬಹುದು ಎಂಬ ಅಂದಾಜುಗಳಿವೆ. ಅಂದಾಜು ಇಷ್ಟು ಅಗಲವಾಗಿರಲು ಕಾರಣ, ಸಿಕ್ಕಿದ್ದನ್ನೆಲ್ಲ ವೈದ್ಯರು ತೆಗೆದುಬಿಡುತ್ತಾರೆ. ಬಿಟ್ಟರೆ ಏನಾಗುತ್ತಿತ್ತು ಎಂದು ನೋಡುವ ಅವಕಾಶವೇ ಕಡಿಮೆ. ಅಂಥ ಅವಕಾಶ ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ತಪ್ಪಿನಿಂದಾಗಿ ಸಿಕ್ಕಿತು. 1950 ಮತ್ತು 60ರ ದಶಕಗಳಲ್ಲಿ 'ಕ್ಯಾನ್ಸರ್ ಅಲ್ಲ' ಎಂದು ಕಳಿಸಿದ್ದ ಬಯಾಪ್ಸಿಗಳನ್ನು ಆಮೇಲೆ ಮರಳಿ ನೋಡಿದಾಗ 28 ಹೆಂಗಸರಲ್ಲಿ ಸೌಮ್ಯ ದರ್ಜೆಯ ಡಿಸಿಐಎಸ್ ಇದ್ದದ್ದು ತಿಳಿಯಿತು. ಅವರಲ್ಲಿ 11 ಮಂದಿಗೆ ಮುಂದಿನ ದಶಕಗಳಲ್ಲಿ ಹೊರಬೀಳುವ ಕ್ಯಾನ್ಸರ್ ಬಂತು, ಎಲ್ಲರಿಗೂ ಅದೇ ಸ್ತನದ ಅದೇ ಭಾಗದಲ್ಲಿ. ಕೆಲವರಿಗೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಉಗ್ರ ದರ್ಜೆಯದು ಇಷ್ಟು ಕಾಯುವುದಿಲ್ಲ.

2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 1,08,196 ಡಿಸಿಐಎಸ್ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಇಪ್ಪತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 3.3. ಈ ಸಣ್ಣ ಸಂಖ್ಯೆಯಿಂದಲೇ ಒಂದು ದೊಡ್ಡ ಪ್ರಶ್ನೆ ಎದ್ದಿತು: ಎಲ್ಲರಿಗೂ ಶಸ್ತ್ರಚಿಕಿತ್ಸೆ, ರೇಡಿಯೇಷನ್ ಬೇಕೇ? ಸೌಮ್ಯ ದರ್ಜೆಯ ಡಿಸಿಐಎಸ್ ಇದ್ದ 957 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂದಿನ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ನಿಗಾ ಮಾತ್ರ ಇಟ್ಟು ನೋಡಿದ ಕಾಮೆಟ್ ಪ್ರಯೋಗದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಬಂತು. ಎರಡು ವರ್ಷದಲ್ಲಿ ಹೊರಬಿದ್ದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 5.9, ನಿಗಾದ ಗುಂಪಿನಲ್ಲಿ 4.2. ಸದ್ಯಕ್ಕೆ ನಿಗಾ ಇಟ್ಟವರಿಗೆ ಕೆಡುಕಾಗಿಲ್ಲ. ಆದರೆ ಎರಡು ವರ್ಷ ಈ ಕಾಯಿಲೆಗೆ ಬಹಳ ಚಿಕ್ಕ ಅವಧಿ. ಆರಾರು ತಿಂಗಳಿಗೆ ತಪ್ಪದೆ ಮ್ಯಾಮೊಗ್ರಾಮ್ ಮಾಡಿಸಲು ಆಗದ ಕಡೆ ಈ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಯಾರಿಗಾದರೂ ಡಿಸಿಐಎಸ್ ಸಿಕ್ಕರೆ ತೆಗೆಸಿಕೊಳ್ಳುವುದೇ ಸರಿ.

ಈಗ ಅತ್ತಿವೇರಿಗೆ ಬರೋಣ. ಮೇಲಿನ ಸಂಖ್ಯೆಗಳೆಲ್ಲ ನಿಯಮಿತವಾಗಿ ಮ್ಯಾಮೊಗ್ರಾಮ್ ಆಗುವ ದೇಶಗಳಿಂದ ಬಂದವು. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡಿದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ, 0.9. ಹೀಗಿರುವಾಗ ಡಿಸಿಐಎಸ್ ಸಿಗುವುದಾದರೂ ಹೇಗೆ? ತೊಟ್ಟಿನಿಂದ ರಕ್ತ ಬೆರೆತ ನೀರು ಬಂತೆಂದು ಹೋದ ಕೆಲವರಲ್ಲಿ, ಬೇರೆ ಯಾವುದೋ ಗಂಟು ತೆಗೆದಾಗ ಅಕಸ್ಮಾತ್ತಾಗಿ, ಅಷ್ಟೇ. ಉಳಿದವರ ವಿಷಯದಲ್ಲಿ ಗೋಡೆ ದಾಟಿದ ಹೊತ್ತು ಯಾರಿಗೂ ತಿಳಿಯದೆ ಕಳೆದುಹೋಗಿರುತ್ತದೆ.

ಕಾಯಿಲೆ ಅಪರೂಪದ್ದೇನಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ನೋಂದಣಿ ಇಟ್ಟುಕೊಂಡು ಬಂದಿದೆ. ಆಗ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲಿತ್ತು. ಅದು ಇಳಿಯುತ್ತ ಬಂದು, ಸ್ತನದ್ದು ಏರುತ್ತ ಹೋಗಿ ಈಗ ಸ್ತನದ್ದೇ ಮೊದಲು. 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ರೋಗಿಗಳು, ಸುಮಾರು 98 ಸಾವಿರ ಸಾವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ, ನಲವತ್ತರ ಕೊನೆಯಲ್ಲೋ ಐವತ್ತರ ಆಸುಪಾಸಿನಲ್ಲೋ, ಬಹಳ ಹೆಂಗಸರಿಗೆ ಇದು ಬರುತ್ತದೆ. ಮಕ್ಕಳ ಮದುವೆ, ಅತ್ತೆಯ ಆರೈಕೆ, ಗದ್ದೆ ನಾಟಿ ಎಲ್ಲ ಒಟ್ಟಿಗೆ ಹೆಗಲ ಮೇಲಿರುವ ವಯಸ್ಸು ಅದು.

ಇಲ್ಲೇ ನಾನು ಹೇಳಬೇಕೆಂದಿರುವ ಮುಖ್ಯ ಮಾತಿರುವುದು. ಗೋಡೆ ದಾಟಿತು ಎಂದರೆ ಮುಗಿಯಿತು ಎಂದಲ್ಲ. 'ಇನ್ವೇಸಿವ್' ಎಂಬ ಅಕ್ಷರ ವರದಿಯಲ್ಲಿ ಕಂಡವರು ಮೈಯೆಲ್ಲ ಹರಡಿದೆ ಎಂದೇ ತಿಳಿಯುತ್ತಾರೆ. ಅದು ಹೇಳುವುದು ಇಷ್ಟೇ: ಕೋಶಗಳು ತಳಪೊರೆಯಾಚೆ ಬಂದಿವೆ. ಆಚೆ ಬಂದ ಮೇಲೂ ಬಹಳ ದಾರಿ ಬಾಕಿಯಿರುತ್ತದೆ. ಗೆಡ್ಡೆ ಎರಡು ಸೆಂಟಿಮೀಟರಿನೊಳಗೆ ಇರುವ ಕಾಲ, ಎರಡರಿಂದ ಐದರವರೆಗೆ ಬೆಳೆಯುವ ಕಾಲ, ಕಂಕುಳಿನ ದುಗ್ಧಗ್ರಂಥಿಗೆ ತಲುಪುವ ಕಾಲ, ಚರ್ಮಕ್ಕೋ ಎದೆಗೂಡಿಗೋ ಅಂಟುವ ಕಾಲ, ಕಡೆಗೆ ರಕ್ತದಲ್ಲಿ ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹೋಗುವ ಕಾಲ. ಪ್ರತಿ ಗೆಡ್ಡೆಯೂ ಈ ಕ್ರಮವನ್ನೇ ಪಾಲಿಸುತ್ತದೆಂದಿಲ್ಲ. ಕೆಲವು ಉಗ್ರ ಜಾತಿಯವು ಚಿಕ್ಕದಿರುವಾಗಲೇ ರಕ್ತಕ್ಕೆ ಬೀಜ ಚೆಲ್ಲುತ್ತವೆ. ಆದರೂ ಹೆಚ್ಚಿನವರ ಪಾಲಿಗೆ ಇದು ತಿಂಗಳುಗಳ, ಎಷ್ಟೋ ಸಲ ವರ್ಷಗಳ ನಡಿಗೆ. ಭಾರತದ ಹನ್ನೊಂದು ಕ್ಯಾನ್ಸರ್ ನೋಂದಣಿ ಕೇಂದ್ರಗಳ ರೋಗಿಗಳನ್ನು ಹಿಂಬಾಲಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಟಿಸಿದ ಲೆಕ್ಕ ಹೀಗಿದೆ: ಕಾಯಿಲೆ ಸ್ತನದಲ್ಲಷ್ಟೇ ಇದ್ದಾಗ ಚಿಕಿತ್ಸೆಗೆ ಬಂದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ ಸುಮಾರು 81. ಕಂಕುಳಿನ ಗ್ರಂಥಿಗಳಿಗೆ ತಲುಪಿದ ಮೇಲೆ ಬಂದವರಲ್ಲಿ ಸುಮಾರು 65. ಬೇರೆ ಅಂಗಗಳಿಗೆ ಹೋದ ಮೇಲೆ ಬಂದವರಲ್ಲಿ 18ರಷ್ಟು.

ವಿಜ್ಞಾನಿಗಳ ಕಣ್ಣು ತಳಪೊರೆಯ ಮೇಲಿರಲಿ. ಅತ್ತಿವೇರಿಯ ಹೆಂಗಸಿನ ಜೀವ ನಿಂತಿರುವುದು ಆ 81ಕ್ಕೂ 65ಕ್ಕೂ ನಡುವೆ, 65ಕ್ಕೂ 18ಕ್ಕೂ ನಡುವೆ. ಈ ಅಂತರದಲ್ಲಿ ಗೆಡ್ಡೆ ಬೆರಳಿಗೆ ಸಿಗುತ್ತದೆ. ಯಂತ್ರ ಬೇಕಿಲ್ಲ, ತರಬೇತಿ ಪಡೆದ ಕೈ ಸಾಕು.

ಇದು ಆಸೆಯ ಮಾತಲ್ಲ, ಪರೀಕ್ಷಿಸಿ ನೋಡಿದ್ದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ ಅಲ್ಲಿನ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಿದ್ದರು. ಅರ್ಧ ಜನರಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ. ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಇಪ್ಪತ್ತು ವರ್ಷದ ಫಲಿತಾಂಶವನ್ನು ಡಾ. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದರು. ಪರೀಕ್ಷೆಗೊಳಗಾದವರಲ್ಲಿ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ ಮೂವತ್ತರ ಹತ್ತಿರ ಇಳಿಯಿತು. ಐವತ್ತರೊಳಗಿನವರಲ್ಲಿ ಸಾವು ಇಳಿದದ್ದು ಕಾಣಲಿಲ್ಲ, ಎಲ್ಲ ವಯಸ್ಸನ್ನೂ ಕೂಡಿಸಿದರೆ ಸಿಕ್ಕ ಇಳಿಕೆ ಖಚಿತವೆಂದು ಹೇಳುವಷ್ಟು ದೊಡ್ಡದಿರಲಿಲ್ಲ, ಅದನ್ನು ಮುಚ್ಚಿಡಬಾರದು. ಆದರೂ ಒಂದು ಊರಿನ ಹೆಂಗಸು ಇನ್ನೊಬ್ಬ ಹೆಂಗಸಿನ ಎದೆ ಮುಟ್ಟಿ ನೋಡುವುದರಿಂದ ಜೀವ ಉಳಿಯುತ್ತದೆ ಎಂದು ನಮ್ಮದೇ ನೆಲದಲ್ಲಿ ಸಿಕ್ಕ ಸಾಕ್ಷ್ಯ ಇದು. ಮ್ಯಾಮೊಗ್ರಾಮ್ ವಾಹನ ತಂದು ನಿಲ್ಲಿಸಿ ಫೋಟೊ ತೆಗೆಸುವ ಶಿಬಿರಗಳಿಗಿಂತ ಇಂಥ ಕೈಗಳ ಮೇಲೆ ಹಣ ಹಾಕುವುದು ನಮ್ಮ ಸೀಮೆಗೆ ಒಳ್ಳೆಯದು. ಚಿಕ್ಕ ವಯಸ್ಸಿನವರ ಸ್ತನ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಮಿಗೂ ಅಲ್ಲಿ ಎಷ್ಟೋ ಗೆಡ್ಡೆ ಕಾಣುವುದಿಲ್ಲ.

ಸರಕಾರದ ಕಾಗದದ ಮೇಲೆ ಇದೆಲ್ಲ ಇದೆ. 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಆಗಬೇಕೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಗಿದ್ದು, ಮನೆಬಾಗಿಲಿಗೆ ಬರುವ ತಪಾಸಣೆಯಲ್ಲಿ ಈ ಕ್ಯಾನ್ಸರುಗಳನ್ನೂ ಸೇರಿಸಿದೆ. ಆಶಾ ಅಕ್ಕ ಮನೆಗೆ ಬಂದಾಗ ಬಿಪಿ, ಶುಗರು ನೋಡಿಸಿಕೊಳ್ಳುವ ಹೆಂಗಸು ಎದೆಯ ಮಾತು ಬಂದೊಡನೆ "ಅದೇನಿಲ್ಲ ಬಿಡ್ರೀ ಅಕ್ಕಾರ, ಚಲೋ ಐತಿ" ಎಂದು ಸೆರಗು ಬಿಗಿ ಮಾಡಿಕೊಳ್ಳುತ್ತಾಳೆ. ಅಡ್ಡಿ ಇರುವುದು ಇಲ್ಲಿ. ಮುಂಡಗೋಡ ಸೀಮೆಯಲ್ಲಿ ಕನ್ನಡ ಮಾತಾಡುವವರಿದ್ದಾರೆ, ಗೌಳಿಗರಿದ್ದಾರೆ, ಸಿದ್ದಿಗಳಿದ್ದಾರೆ, ಲಂಬಾಣಿಗಳಿದ್ದಾರೆ, 1966ರಿಂದ ನೆಲೆಸಿದ ಟಿಬೆಟನ್ನರಿದ್ದಾರೆ. ಆಯಾ ಮನೆಯ ಮಾತಿನಲ್ಲಿ, ಆಯಾ ಕೇರಿಯ ಹೆಂಗಸೇ ಹೇಳಿದಾಗ ಸೆರಗಿನ ಬಿಗಿ ಸಡಿಲುತ್ತದೆ. ಲೇಖಕಿ ಭಾರತಿ ಬಿ.ವಿ. 'ಸಾಸಿವೆ ತಂದವಳು' ಪುಸ್ತಕದಲ್ಲಿ ತಮ್ಮ ಸ್ತನ ಕ್ಯಾನ್ಸರಿನ ಕಥೆಯನ್ನು ಕನ್ನಡದಲ್ಲಿ ಎದೆಗುಂದದೆ ಹೇಳಿಕೊಂಡಿದ್ದಾರೆ. ಊರಿನ ಸ್ವಸಹಾಯ ಸಂಘದ ಸಭೆಗಳಲ್ಲಿ ಅಂಥ ಪುಸ್ತಕ ಓದಿಸಬೇಕು.

ನೋವಿಲ್ಲ, ಹಾಗಾಗಿ ತೋರಿಸಿಲ್ಲ ಎಂಬುದು ವೈದ್ಯರು ದಿನವೂ ಕೇಳುವ ಮಾತು. ಈ ಕಾಯಿಲೆ ಮೊದಲಲ್ಲಿ ನೋಯುವುದೇ ಕಡಿಮೆ. ನೋವಿಲ್ಲದ ಗಟ್ಟಿ ಗಂಟು, ಒಂದು ಕಡೆ ಚರ್ಮ ಒಳಕ್ಕೆ ಜಗ್ಗಿದಂತೆ ಕುಳಿ, ಹೊಸದಾಗಿ ಒಳಸೇರಿದ ತೊಟ್ಟು, ತೊಟ್ಟಿನಿಂದ ರಕ್ತದ ಹನಿ, ಕಂಕುಳಿನಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದೂ ನಿಜ. ಅದನ್ನು ತೀರ್ಮಾನಿಸಬೇಕಾದ್ದು ಪರೀಕ್ಷೆ.

ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಹೆದರಿಕೆಯಂತೂ ಊರೂರಲ್ಲಿದೆ. ದಪ್ಪ ಸೂಜಿಯಿಂದ ತುಣುಕು ತೆಗೆಯುವ ಬಯಾಪ್ಸಿಯಿಂದ ಬದುಕುಳಿಯುವ ಅವಕಾಶ ಕಡಿಮೆಯಾಗುವುದಿಲ್ಲ. ಕೆಡುಕಾಗುವುದು ಬಯಾಪ್ಸಿ ಮಾಡಿಸದೆ ಹೋದಾಗ. ಹತ್ತಿರದ ಯಾವುದೋ ದವಾಖಾನೆಯಲ್ಲಿ ಗಂಟನ್ನು ಕೊಯ್ದು ತೆಗೆಸಿ, ತುಣುಕನ್ನು ಪರೀಕ್ಷೆಗೆ ಕಳಿಸದೆ ಬಿಸಾಡಿ, 'ಗಂಟು ಹೋಯ್ತಲ್ಲ' ಎಂದು ಮನೆಗೆ ಬಂದವರು ವರ್ಷದ ಮೇಲೆ ದೊಡ್ಡಾಸ್ಪತ್ರೆಗೆ ಬಂದಾಗ ಕಾಯಿಲೆ ಕಂಕುಳು ದಾಟಿರುತ್ತದೆ. ತೆಗೆದದ್ದು ಏನು, ಅಂಚಿನಲ್ಲಿ ಉಳಿದಿತ್ತೇ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸ್ತನದಿಂದ ತೆಗೆದ ಯಾವುದೇ ತುಣುಕು ಪ್ರಯೋಗಾಲಯಕ್ಕೆ ಹೋಗಲೇಬೇಕು.

ವರದಿ ಕೈಗೆ ಬಂದಾಗ ಮನೆಯವರು ಕೇಳಬೇಕಾದ್ದು ಕೆಲವೇ ಸಂಗತಿ. ನಾಳದೊಳಗೇ ಇದೆಯೋ, ದಾಟಿದೆಯೋ? ದರ್ಜೆ ಯಾವುದು? ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಗ್ರಾಹಿಗಳಿವೆಯೇ? ಹರ್-ಟು ಇದೆಯೇ? ಹಾರ್ಮೋನು ಗ್ರಾಹಿ ಇದ್ದರೆ ದಿನಕ್ಕೊಂದು ಮಾತ್ರೆಯ ಚಿಕಿತ್ಸೆ ಬಹಳ ವರ್ಷ ಕಾಯುತ್ತದೆ. ಹರ್-ಟು ಇದ್ದರೆ ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದಿದೆ. ಒಂದು ಕಾಲಕ್ಕೆ ಅದರ ಬೆಲೆ ಕೇಳಿಯೇ ಜನ ಹಿಂದೆ ಸರಿಯುತ್ತಿದ್ದರು. ಬೆಂಗಳೂರಿನ ಬಯೋಕಾನ್ ಕಂಪನಿ ಅದರ ಸಮಾನ ಔಷಧಿಯನ್ನು 2014ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿಯಿತು. ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ.

2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹುಬ್ಬಳ್ಳಿಗೆ ಹೋಗುವ ಖರ್ಚು ಈಗ ಟಿಕೆಟ್ಟಿನದಲ್ಲ. ಹೋದ ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಒಮ್ಮೆ ತೋರಿಸಲು, ಒಮ್ಮೆ ಸ್ಕ್ಯಾನಿಗೆ, ಒಮ್ಮೆ ಬಯಾಪ್ಸಿಗೆ, ಒಮ್ಮೆ ವರದಿಗೆ ಎಂದು ಅಲೆಯುವುದರಲ್ಲಿ ಸವೆಯುವ ವಾರಗಳು. ಉತ್ತರ ಕನ್ನಡಕ್ಕೆ ದೊಡ್ಡಾಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದನಿಯೆತ್ತಿದ್ದು ಎಲ್ಲರಿಗೂ ನೆನಪಿದೆ. ಆ ಬೇಡಿಕೆ ನ್ಯಾಯದ್ದು, ಅದು ಈಡೇರಲಿ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸ ಇದೆ. ಮುಂಡಗೋಡದ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಿ, ಆಶಾ ಅಕ್ಕಂದಿರು ಗುರುತಿಸಿ ಕಳಿಸಿದ ಹೆಂಗಸರನ್ನು ಹುಬ್ಬಳ್ಳಿಯಿಂದ ಬಂದ ಶಸ್ತ್ರಚಿಕಿತ್ಸಕರು ಅಲ್ಲೇ ನೋಡಿ, ಬೇಕಾದವರಿಗೆ ಅದೇ ದಿನ ಸೂಜಿ ಬಯಾಪ್ಸಿ ಮಾಡಲಿ. ತುಣುಕು ಹುಬ್ಬಳ್ಳಿಗೆ ಹೋಗಲಿ, ಹೆಂಗಸು ಮನೆಗೆ ಹೋಗಲಿ. ಹದಿನೈದು ದಿನದೊಳಗೆ ವರದಿ ಆಶಾ ಅಕ್ಕನ ಫೋನಿಗೆ ಬರಲಿ. ಕ್ಯಾನ್ಸರ್ ಅಲ್ಲದವರು ಹುಬ್ಬಳ್ಳಿಯ ದಾರಿ ತುಳಿಯುವ ಅಗತ್ಯವೇ ಇರುವುದಿಲ್ಲ. ಕ್ಯಾನ್ಸರ್ ಇರುವವರು ಚಿಕಿತ್ಸೆಯ ದಿನಾಂಕ ಕೈಯಲ್ಲಿ ಹಿಡಿದೇ ನವನಗರಕ್ಕೆ ಹೊರಡುತ್ತಾರೆ.